ಓದುವ ಹೊತ್ತಿನಲ್ಲಿ ಫೋನು ಎಲ್ಲಿರಬೇಕು?



ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಮನೆಯಲ್ಲೂ ಶಾಲೆಯಲ್ಲೂ ನಾವು ಕೇಳುವ ಮಾತು ಒಂದೇ. 'ಫೋನ್ ಮುಟ್ಟಬೇಡ, ಓದ್ಕೋ ಹೋಗು.' ಹೇಳುವವರು ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಗಣಿತದ ಹೋಮ್‌ವರ್ಕ್ ಬರುವುದು ಅದೇ ಫೋನಿನ ವಾಟ್ಸಾಪ್ ಗುಂಪಿಗೆ. ವಿಜ್ಞಾನ ಪುಸ್ತಕದಲ್ಲಿ ಪಾಠದ ಪಕ್ಕ ಅಚ್ಚಾಗಿರುವ ಕ್ಯೂಆರ್ ಕೋಡ್ ತೆರೆದು ದೀಕ್ಷಾದಲ್ಲಿ ವಿಡಿಯೋ ನೋಡಬೇಕಾದರೂ ಅದೇ ಫೋನು ಬೇಕು. ಮುಟ್ಟದೆ ಇರೋದು ಹೇಗೆ? ಆದ್ದರಿಂದ ಈ ಲೇಖನದಲ್ಲಿ 'ಮೊಬೈಲ್ ವರವೋ ಶಾಪವೋ' ಎಂಬ ವಿಷಯಕ್ಕೆ ನಾನು ಹೋಗುವುದಿಲ್ಲ. ಅದನ್ನು ಚರ್ಚಾಸ್ಪರ್ಧೆಯಲ್ಲಿ ಪ್ರತಿವರ್ಷ ಮಾತಾಡಿದ್ದೇವೆ, ಬಹುಮಾನವನ್ನೂ ಹಂಚಿಕೊಂಡಿದ್ದೇವೆ. ಇಲ್ಲಿ ಕೇಳುವುದು ಇಷ್ಟೇ: ಓದಿಗೆ ಫೋನು ಬೇಕೇ ಬೇಕು ಎಂದಾದಾಗ, ಅದು ಎಷ್ಟು ಹೊತ್ತು ನಮ್ಮ ಕೈಯಲ್ಲಿರಬೇಕು, ಉಳಿದ ಹೊತ್ತು ಎಲ್ಲಿರಬೇಕು?

ಮೊದಲು ಇದು ನಮ್ಮ ಮನೆಗಳಿಗೆ ಬಂದ ಬಗೆಯನ್ನು ಸ್ವಲ್ಪ ನೋಡೋಣ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ ಇಂಟರ್‌ನೆಟ್ ಅಗ್ಗವಾಯಿತು. ಅದಕ್ಕೆ ಮುಂಚೆ ಎಂಬಿ ಲೆಕ್ಕದಲ್ಲಿ ಹಾಕಿಸಿಕೊಂಡು ಹುಷಾರಾಗಿ ಬಳಸುತ್ತಿದ್ದರಂತೆ. ಈಗ ದಿನಕ್ಕೆ ಇಷ್ಟು ಜಿಬಿ ಅಂತ ಬರುತ್ತದೆ, ಉಳಿದದ್ದು ರಾತ್ರಿ ಕಳೆದರೆ ಹೋಗಿಬಿಡುತ್ತದೆ. 'ದುಡ್ಡು ಕೊಟ್ಟಿದ್ದು ವೇಸ್ಟಾಗುತ್ತಲ್ಲ' ಎಂದೇ ಹನ್ನೊಂದು ಗಂಟೆಗೆ ವಿಡಿಯೋ ನೋಡುತ್ತಾ ಕೂರುವವರು ನಮ್ಮಲ್ಲಿ ಇದ್ದಾರೆ. ಇರಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಚಂದನ ಟೀವಿಯಲ್ಲಿ ಪಾಠ ಬಂತು, ಊರಿನ ಜಗಲಿ, ದೇವಸ್ಥಾನದ ಅಂಗಳಗಳಲ್ಲಿ ವಿದ್ಯಾಗಮ ನಡೆಯಿತು. ಜೊತೆಗೆ 'ಮಕ್ಕಳ ಪಾಠಕ್ಕೆ' ಎಂದು ಎಷ್ಟೋ ಮನೆಗಳಲ್ಲಿ ಕುರಿಯನ್ನೋ ಓಲೆಯನ್ನೋ ಮಾರಿ, ಇಲ್ಲವೇ ಕಂತಿನಲ್ಲಿ ಮೊದಲ ಸ್ಮಾರ್ಟ್‌ಫೋನ್ ತಂದರು.

ಅದೇ ವರ್ಷ ಇನ್ನೊಂದು ಸಂಗತಿಯೂ ಆಯಿತು. 2020ರ ಜೂನ್ ಕೊನೆಯಲ್ಲಿ ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂನವರು ರೀಲ್ಸ್ ಅನ್ನು ನಮ್ಮ ದೇಶಕ್ಕೆ ತಂದರು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬಿನವರು ಶಾರ್ಟ್ಸ್ ಎಂಬುದನ್ನು ಪ್ರಪಂಚದಲ್ಲೇ ಮೊದಲು ಭಾರತದಲ್ಲಿ ಪರೀಕ್ಷೆಗೆ ಬಿಟ್ಟರು. ಅಂದರೆ ಪಾಠಕ್ಕೆಂದು ಫೋನು ನಮ್ಮ ಮನೆ ಹೊಸ್ತಿಲು ದಾಟಿದ ತಿಂಗಳುಗಳಲ್ಲೇ ರೀಲ್ಸೂ ಅದರ ಬೆನ್ನಿಗೇ ಒಳಗೆ ಬಂತು. ನಾವು ಆಗ ಸಣ್ಣ ತರಗತಿಗಳಲ್ಲಿದ್ದೆವು. ನಮಗೆ ಪಾಠದ ಫೋನು ಬೇರೆ, ಆಟದ ಫೋನು ಬೇರೆ ಎಂದು ಯಾವತ್ತೂ ಇರಲೇ ಇಲ್ಲ. 'ಈಗಿನ ಮಕ್ಕಳಿಗೆ ಮನಸ್ಸು ನಿಲ್ಲಲ್ಲ' ಎನ್ನುವ ಹಿರಿಯರು ಇದನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿಯಬೇಕು ಅಂತ ನನ್ನ ಅಭಿಪ್ರಾಯ.

ಈಗ ವಿಷಯಕ್ಕೆ ಬರೋಣ. ಬೆಳಕಿನ ಪಾಠದ ವಿಡಿಯೋ ನೋಡಲು ಕೂತವನು ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಕ್ರಿಕೆಟ್ ವಿಡಿಯೋದಲ್ಲೋ, ಯಾರೋ ಎರೆಮಣ್ಣಿನ ಹೊಲದಲ್ಲಿ ಟ್ರ್ಯಾಕ್ಟರ್ ಸಿಕ್ಕಿಸಿಕೊಂಡ ವಿಡಿಯೋದಲ್ಲೋ ಇರುತ್ತಾನೆ. ಹೀಗೇಕೆ ಆಗುತ್ತದೆ? ಅವನಿಗೆ ಛಲ ಇಲ್ಲ ಎಂದಲ್ಲ. ಆ ಆ್ಯಪುಗಳನ್ನು ಹಾಗೆಯೇ ಕಟ್ಟಿದ್ದಾರೆ.

ಪುಸ್ತಕ ಓದುವಾಗ ಪುಟ ಮುಗಿಯುತ್ತದೆ, ಪಾಠ ಮುಗಿಯುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲುತ್ತೇವೆ. 'ಸಾಕಾ, ಮುಂದಕ್ಕೆ ಓದ್ಲಾ' ಎಂದು ಮನಸ್ಸು ಕೇಳಿಕೊಳ್ಳುತ್ತದೆ. ಫೋನಿನಲ್ಲಿ ಈ ನಿಲ್ದಾಣವನ್ನೇ ತೆಗೆದುಹಾಕಿದ್ದಾರೆ. ಬೆರಳಿಂದ ಮೇಲಕ್ಕೆ ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುತ್ತದೆ. ಈ ತಂತ್ರವನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಆಜಾ ರಾಸ್ಕಿನ್ ಎಂಬ ಎಂಜಿನಿಯರು. ಪುಟ ಬದಲಿಸುವ ತೊಂದರೆ ತಪ್ಪಲಿ ಎಂದು ಅವರು ಮಾಡಿದ್ದು. ಆಮೇಲೆ ಅದು ಜನರ ಹೊತ್ತನ್ನು ನುಂಗುವ ರೀತಿ ನೋಡಿ ಅವರೇ ಬಹಿರಂಗವಾಗಿ ಬೇಸರಪಟ್ಟುಕೊಂಡರು. ಯೂಟ್ಯೂಬಿನಲ್ಲಿ ಒಂದು ವಿಡಿಯೋ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವುದೂ ಇದೇ ಜಾತಿಯದು. ಬಸ್ಸು ಯಾವ ಊರಲ್ಲೂ ನಿಲ್ಲಿಸದೆ ಹೋಗುತ್ತಿದ್ದರೆ ಇಳಿಯುವವರು ಇಳಿಯುವುದಾದರೂ ಎಲ್ಲಿ?

ಎರಡನೆಯದು ಇನ್ನೂ ಸೂಕ್ಷ್ಮ. ನಮ್ಮೂರ ಕೆರೆ ಏರಿ ಮೇಲೆ ಗಾಳ ಹಾಕಿ ಕೂರುವ ಹುಡುಗರನ್ನು ನೋಡಿದ್ದೀರಿ. ಹಾಕಿದಾಗಲೆಲ್ಲ ಮೀನು ಬಿದ್ದರೆ ಅರ್ಧ ಗಂಟೆಗೆ ಸಾಕಾಗಿ ಎದ್ದು ಬರುತ್ತಾರೆ. ಒಂದೂ ಬೀಳದೆ ಇದ್ದರೂ ಬೇಜಾರಾಗಿ ಬರುತ್ತಾರೆ. ಆದರೆ ಯಾವಾಗಲೋ ಒಂದು, ಗೊತ್ತಾಗದ ಹೊತ್ತಿನಲ್ಲಿ ಬೀಳುತ್ತಿದ್ದರೆ ಕತ್ತಲಾದರೂ ಏಳುವುದಿಲ್ಲ. 'ಇನ್ನೊಂದು ಸಲ, ಇನ್ನೊಂದೇ ಸಲ.' ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇದನ್ನೇ ಪಾರಿವಾಳಗಳನ್ನಿಟ್ಟುಕೊಂಡು ಪ್ರಯೋಗ ಮಾಡಿದರು. ಪೆಟ್ಟಿಗೆಯಲ್ಲಿ ಒಂದು ಗುಂಡಿ, ಅದನ್ನು ಕೊಕ್ಕಿನಿಂದ ಕುಟ್ಟಿದರೆ ಕಾಳು. ಪ್ರತಿಸಲ ಕಾಳು ಬಂದು ರೂಢಿಯಾದ ಹಕ್ಕಿ, ಕಾಳು ನಿಂತುಹೋದರೆ ಬೇಗ ಬಿಟ್ಟುಬಿಡುತ್ತದೆ. ಆದರೆ ಎಷ್ಟನೆಯ ಕುಟ್ಟಿಗೆ ಕಾಳು ಬರುತ್ತದೆ ಎಂದು ಗೊತ್ತಾಗದಂತೆ ಮಾಡಿದರೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಟ್ಟುತ್ತಲೇ ಇರುತ್ತದೆ. ಸ್ಕಿನ್ನರ್ ಮತ್ತು ಅವರ ಜೊತೆಗಾರ ಫರ್ಸ್ಟರ್ ಇದನ್ನೆಲ್ಲ 1957ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ರೀಲ್ಸ್ ನೋಡುವಾಗ ಹತ್ತರಲ್ಲಿ ಎಂಟು ಸಪ್ಪೆ ಇದ್ದರೂ ಒಂಬತ್ತನೆಯದು ನಗಿಸಬಹುದು ಎಂದು ನಮ್ಮ ಬೆರಳು ತಳ್ಳುತ್ತಲೇ ಇರುತ್ತದಲ್ಲ, ಅದಕ್ಕೂ ಆ ಪಾರಿವಾಳದ ಕೊಕ್ಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ವಾಟ್ಸಾಪ್ ಟಿಂಗ್ ಎಂದಾಗ ಎದ್ದು ನೋಡುವುದೂ ಅಷ್ಟೇ. ನೂರರಲ್ಲಿ ತೊಂಬತ್ತು ಯಾರೋ ಕಳಿಸಿದ ಶುಭೋದಯದ ಹೂವು, ಆದರೂ ನೋಡಲೇಬೇಕು ಅನ್ನಿಸುತ್ತದೆ.

'ಒಂದೇ ನಿಮಿಷ ನೋಡಿ ಇಟ್ಟೆ, ಅದರಲ್ಲೇನು ಹೋಯ್ತು' ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಫೋನು ಕೆಳಗಿಟ್ಟ ಕೂಡಲೇ ಮನಸ್ಸು ಅದನ್ನು ಕೆಳಗಿಡುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಈ ಬಗ್ಗೆ ಬರೆದರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದಿಷ್ಟು ಪಾಲು ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಗಮನದ ಶೇಷ ಎನ್ನಬಹುದು, ಭಾಗಾಕಾರದಲ್ಲಿ ಉಳಿಯುವ ಶೇಷದ ಹಾಗೆ. ವರ್ಗ ಸಮೀಕರಣ ಬಿಡಿಸುತ್ತಾ ಬಿ ಸ್ಕ್ವೇರ್ ಮೈನಸ್ 4 ಎಸಿವರೆಗೆ ಬಂದು, ಮಧ್ಯದಲ್ಲಿ ಒಂದು ಮೆಸೇಜು ನೋಡಿ ವಾಪಸ್ ಬಂದರೆ, ಚಿಹ್ನೆ ಪ್ಲಸ್ಸೋ ಮೈನಸ್ಸೋ ಎಂಬುದನ್ನೇ ಮತ್ತೆ ಮೊದಲಿಂದ ನೋಡಬೇಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲೇ. ಯುನೆಸ್ಕೋ ಸಂಸ್ಥೆಯ 2023ರ ಶಿಕ್ಷಣ ವರದಿಯಲ್ಲಿ, ಹೀಗೆ ಗಮನ ಹೋದ ವಿದ್ಯಾರ್ಥಿ ಮತ್ತೆ ಪಾಠದಲ್ಲಿ ಪೂರ್ತಿ ನೆಲೆಗೊಳ್ಳಲು 20 ನಿಮಿಷದವರೆಗೂ ಹಿಡಿಯಬಹುದು ಎಂದು ಹೇಳಿದೆ. ಗಂಟೆಗೆ ಮೂರು ಸಲ 'ಒಂದೇ ನಿಮಿಷ' ನೋಡಿದವನ ಗಂಟೆಯಲ್ಲಿ ಎಷ್ಟು ಉಳಿಯಿತು, ನೀವೇ ಲೆಕ್ಕ ಹಾಕಿ.

ಸರಿ, ನೋಡದೆ ಪಕ್ಕದಲ್ಲೇ ಬೋರಲು ಹಾಕಿ ಇಟ್ಟುಕೊಂಡರೆ? ಇದಕ್ಕೂ ಒಂದು ಪ್ರಯೋಗ ಇದೆ. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಸುಮಾರು 800 ಜನರಿಗೆ ಗಮನ, ಜ್ಞಾಪಕಗಳ ಪರೀಕ್ಷೆ ಕೊಟ್ಟರು. ಎಲ್ಲರ ಫೋನೂ ಸದ್ದಿಲ್ಲದಂತೆ ಮಾಡಿದ್ದರು. ಕೆಲವರದು ಮೇಜಿನ ಮೇಲೆ ಬೋರಲು, ಕೆಲವರದು ಜೇಬಿನಲ್ಲೋ ಚೀಲದಲ್ಲೋ, ಕೆಲವರದು ಬೇರೆ ಕೋಣೆಯಲ್ಲಿ. ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಇದೇ ಪ್ರಯೋಗವನ್ನು ಆಮೇಲೆ ಬೇರೆಯವರು ಮಾಡಿ ನೋಡಿದಾಗ ಕೆಲವು ಕಡೆ ಇದೇ ಫಲ ಬಂತು, ಕೆಲವು ಕಡೆ ಬರಲಿಲ್ಲ. ಆದ್ದರಿಂದ ಇದನ್ನು ನ್ಯೂಟನ್ನನ ನಿಯಮದ ಹಾಗೆ ಹಿಡಿಯಬೇಡಿ. ಆದರೂ ಕೋಣೆ ಬದಲಾಯಿಸುವುದಕ್ಕೆ ಖರ್ಚೇನೂ ಇಲ್ಲವಲ್ಲ! ಇನ್ನೊಂದು ಲಾಭವೂ ಉಂಟು. ಕೈಗೆಟುಕುವ ಫೋನನ್ನು ತೆಗೆಯಲು ಯೋಚನೆಯೇ ಬೇಡ, ಎದ್ದು ಹತ್ತು ಹೆಜ್ಜೆ ಹೋಗಬೇಕಾದರೆ ಅಷ್ಟರಲ್ಲಿ ಬುದ್ಧಿ ಬರುತ್ತದೆ.

ಇಲ್ಲಿ ನಮ್ಮ ಮನೆಗಳ ಕಷ್ಟ ಬೇರೆ. ಪೇಟೆ ಮಕ್ಕಳಿಗೆ ಹೇಳುವ ಹಾಗೆ 'ಸ್ವಿಚ್ ಆಫ್ ಮಾಡಿ ಬೀರುವಿನಲ್ಲಿಡಿ' ಎಂದು ನಮಗೆ ಹೇಳಿದರೆ ಆಗಲ್ಲ. ಮನೆಗೆ ಇರುವುದೇ ಒಂದು ಫೋನು. ತೋಟದ ಮೋಟರ್ ಸ್ಟಾರ್ಟರ್‌ಗೆ ಸಿಮ್ ಹಾಕಿಸಿದವರು ತ್ರೀ ಫೇಸ್ ಕರೆಂಟ್ ಬಂದಾಗ ರಾತ್ರಿ ಹತ್ತಾದರೂ ಅದಕ್ಕೆ ಕರೆ ಮಾಡಬೇಕು. ಡೈರಿಯವರು ಕರೆಯಬಹುದು, ಬೆಂಗಳೂರಿನಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಕೆಲಸ ಮುಗಿಸಿ ಮಾಡುವುದು ಒಂಬತ್ತರ ಮೇಲೆ. ಇದಕ್ಕೆ ಉಪಾಯ ಸುಲಭ. ಫೋನ್ ಆಫ್ ಮಾಡಬೇಡಿ, ಮೊಬೈಲ್ ಡೇಟಾ ಮಾತ್ರ ಆಫ್ ಮಾಡಿ. ಡೇಟಾ ಇಲ್ಲದಿದ್ದರೂ ಕರೆ ಬರುತ್ತದೆ, ಹೋಗುತ್ತದೆ, ಎಸ್ಸೆಮ್ಮೆಸ್ಸೂ ಬರುತ್ತದೆ. ನಿಂತುಹೋಗುವುದು ವಾಟ್ಸಾಪು, ಯೂಟ್ಯೂಬು, ರೀಲ್ಸು ಮಾತ್ರ. ಡೇಟಾ ಆಫ್ ಮಾಡಿ ಅಪ್ಪನ ಕೈಗೆ ಕೊಡಿ, ಇಲ್ಲವೇ ನಡುಮನೆಯ ಗೂಡಿನಲ್ಲಿಟ್ಟು ನೀವು ಹಿತ್ತಿಲ ಕಡೆಯ ಕೋಣೆಯಲ್ಲೋ ಜಗಲಿಯಲ್ಲೋ ಕೂತು ಓದಿ. ಸಣ್ಣ ತಮ್ಮ ತಂಗಿಯರು 'ಅಕ್ಕಾ ಫೋನ್ ಕೊಡೇ' ಎಂದು ಅಳುವುದಕ್ಕೂ ಇದು ಒಳ್ಳೆ ಔಷಧಿ. ಅವರಿಗೆ ಡೇಟಾ ಆಫ್ ಆಗಿದ್ದು ಗೊತ್ತಾಗುವುದಿಲ್ಲ, 'ಕಾರ್ಟೂನ್ ಬರ್ತಾ ಇಲ್ಲ' ಎಂದು ಅವರೇ ವಾಪಸ್ ಕೊಡುತ್ತಾರೆ. (ದೊಡ್ಡವರಾದ ಮೇಲೆ ಬೈಯುತ್ತಾರೋ ಏನೋ!)

ಫೋನನ್ನು ಗಡಿಯಾರ, ಟಾರ್ಚು, ಕ್ಯಾಲ್ಕುಲೇಟರು, ನಿಘಂಟು ಎಂದು ಬಳಸುವುದೂ ಒಂದು ಬಲೆ. ಹೊತ್ತು ಎಷ್ಟಾಯಿತು ಎಂದು ನೋಡಲು ತೆಗೆದ ಕೈ ವಾಟ್ಸಾಪಿಗೆ ಹೋಗುತ್ತದೆ. ಗೋಡೆ ಗಡಿಯಾರ ಕಾಣುವ ಕಡೆ ಕೂರಿ. ಲೆಕ್ಕವನ್ನು ಕೈಯಲ್ಲೇ ಮಾಡಿ, ಪರೀಕ್ಷೆ ಕೋಣೆಯಲ್ಲಿ ಹೇಗೂ ಕ್ಯಾಲ್ಕುಲೇಟರ್ ಇಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪದ ಬಂದಾಗಲೆಲ್ಲ ಹುಡುಕಲು ಏಳಬೇಡಿ, ಪಕ್ಕದಲ್ಲಿ ಬರೆದಿಟ್ಟುಕೊಂಡು ಕೊನೆಗೆ ಒಟ್ಟಿಗೆ ನೋಡಿ. ಕರೆಂಟ್ ಹೋದಾಗ ಟಾರ್ಚ್ ಬೇಕಾಗುವುದು ನಿಜ. ಮನೆಯಲ್ಲಿ ಚಾರ್ಜಿಂಗ್ ಲೈಟ್ ಇದ್ದರೆ ಅದನ್ನು ಬೆಳಗ್ಗೆಯೇ ಚಾರ್ಜಿಗೆ ಹಾಕಿಡಿ.

ಈಗ ಮುಖ್ಯ ವಿಷಯ. ಪಾಠಕ್ಕಾಗಿಯೇ ಫೋನು ತೆಗೆಯಬೇಕಾದಾಗ ಏನು ಮಾಡುವುದು? ಸಂತೆಗೆ ಹೋಗುವಾಗ ಅಜ್ಜಿ ಹೇಳಿ ಬರೆಸುವ ಚೀಟಿ ನೆನಪು ಮಾಡಿಕೊಳ್ಳಿ. ಅರ್ಧ ಕೇಜಿ ಈರುಳ್ಳಿ, ಕಾಲು ಕೇಜಿ ಹಸಿಮೆಣಸಿನಕಾಯಿ, ಎಲೆ ಅಡಿಕೆ. ಚೀಟಿ ಹಿಡಿದು ಹೋದವನು ಸಾಮಾನು ಮುಗಿದ ಕೂಡಲೇ ಬಸ್ಸಿಗೆ ಬರುತ್ತಾನೆ. ಸುಮ್ಮನೆ ಹೋದವನು ಬಳೆ ಅಂಗಡಿ, ಬತ್ತಾಸು ಅಂಗಡಿ, ಗಿಳಿಶಾಸ್ತ್ರ ಎಲ್ಲ ನೋಡಿಕೊಂಡು ಈರುಳ್ಳಿ ಮರೆತು ಬರುತ್ತಾನೆ. ಇಂಟರ್‌ನೆಟ್ಟು ಒಂದು ದೊಡ್ಡ ಸಂತೆ. ಫೋನು ಮುಟ್ಟುವ ಮುಂಚೆ ಒಂದು ಚೀಟಿ ಬರೆಯಿರಿ, ನಿಜವಾಗಿಯೂ ಕಾಗದದ ಮೇಲೆ, ಪೆನ್ನಿನಲ್ಲಿ.

ಉದಾಹರಣೆಗೆ, ಪೀನ ಮಸೂರದ ರೇಖಾಚಿತ್ರ ಅರ್ಥವಾಗಿಲ್ಲ ಎಂದಿಟ್ಟುಕೊಳ್ಳಿ. 'ಬೆಳಕಿನ ಪಾಠ ನೋಡಬೇಕು' ಎಂದು ಬರೆದರೆ ಅದು ಚೀಟಿ ಅಲ್ಲ, ಅದು ಸಂತೆಗೆ ಹೋಗುವ ನೆಪ. ಮೊದಲು ಪುಸ್ತಕವನ್ನೇ ಒಂದು ಸಲ ಓದಿ, ಎಲ್ಲಿ ಸಿಕ್ಕಿಕೊಂಡಿತು ಎಂದು ಗುರುತು ಮಾಡಿ. ಚೀಟಿಯಲ್ಲಿ ಹೀಗೆ ಬರೆಯಿರಿ: ವಸ್ತುವನ್ನು ಸಂಗಮದೂರದ ಎರಡರಷ್ಟು ದೂರದಲ್ಲಿ ಇಟ್ಟರೆ ಪ್ರತಿಬಿಂಬ ಎಲ್ಲಿ, ಎಷ್ಟು ದೊಡ್ಡದು? ಸಂಗಮಕ್ಕಿಂತ ಹತ್ತಿರ ತಂದರೆ ಅದು ನೆಟ್ಟಗೆ ಯಾಕೆ ಕಾಣುತ್ತದೆ? ಯಾವ ಎರಡು ಕಿರಣಗಳನ್ನು ಎಳೆದರೆ ಸಾಕು? ಮೂರೇ ಪ್ರಶ್ನೆ. ಆಮೇಲೆ ಡೇಟಾ ಆನ್ ಮಾಡಿ, ಪುಸ್ತಕದ ಕ್ಯೂಆರ್ ಕೋಡ್ ಮೂಲಕ ದೀಕ್ಷಾಕ್ಕೇ ನೇರ ಹೋಗಿ. ಯೂಟ್ಯೂಬಿನಲ್ಲಿ ಹುಡುಕುವುದಕ್ಕಿಂತ ಇದು ಮೇಲು, ಯಾಕೆಂದರೆ ಪಕ್ಕದಲ್ಲಿ ಸಿನಿಮಾ ಹಾಡು ತೋರಿಸಿ ಕರೆಯುವವರು ಅಲ್ಲಿ ಇಲ್ಲ. ದೀಕ್ಷಾದ ಪಾಠಗಳನ್ನು ಇಳಿಸಿಟ್ಟುಕೊಂಡರೆ ಡೇಟಾ ಇಲ್ಲದೆಯೂ ನೋಡಬಹುದು. ಯೂಟ್ಯೂಬೇ ಬೇಕೆಂದರೆ ಅದರಲ್ಲಿ ಆಟೋಪ್ಲೇ ಎಂಬ ಗುಂಡಿ ಇದೆ, ಅದನ್ನು ಮೊದಲು ಆಫ್ ಮಾಡಿ. ವಿಡಿಯೋ ಓಡುವಾಗ ಪೆನ್ಸಿಲ್ ಕೈಯಲ್ಲಿರಲಿ. ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಮಸೂರ ದಾಟಿ ಸಂಗಮದ ಮೂಲಕ ಹೋಗುತ್ತದೆ, ಮಸೂರದ ನಡುಬಿಂದುವಿನ ಮೂಲಕ ಬಂದದ್ದು ನೇರ ಹೋಗುತ್ತದೆ. ಇಷ್ಟು ಬಂದ ಕೂಡಲೇ ವಿಡಿಯೋ ನಿಲ್ಲಿಸಿ ಎಳೆಯಿರಿ. ಎರಡೂ ಕಿರಣ ಕೂಡುವ ಜಾಗದಲ್ಲೇ ಪ್ರತಿಬಿಂಬ. ಎರಡರಷ್ಟು ದೂರದಲ್ಲಿಟ್ಟ ವಸ್ತುವಿಗೆ ಆ ಕಡೆಯೂ ಅಷ್ಟೇ ದೂರದಲ್ಲಿ, ಅಷ್ಟೇ ಗಾತ್ರದ, ತಲೆಕೆಳಗಾದ ಪ್ರತಿಬಿಂಬ ಸಿಗುತ್ತದೆ. ಹತ್ತಿರ ತಂದಾಗ ಕಿರಣಗಳು ಕೂಡದೆ ಅಗಲಿ ಹೋಗುತ್ತವೆ, ಹಿಂದಕ್ಕೆ ಎಳೆದರೆ ಮಾತ್ರ ಕೂಡಿದಂತೆ ಕಾಣುತ್ತವೆ. ಅದಕ್ಕೇ ಅದು ಮಿಥ್ಯ, ನೆಟ್ಟಗೆ, ದೊಡ್ಡದು. ತಾತನ ಭೂತಗನ್ನಡಿಯಲ್ಲಿ ಪಂಚಾಂಗದ ಅಕ್ಷರ ದೊಡ್ಡದಾಗಿ ಕಾಣುವುದು ಹೀಗೇ. ಮೂರು ಪ್ರಶ್ನೆಗೂ ಗೀಟು ಹೊಡೆದಾಯಿತೇ? ಡೇಟಾ ಆಫ್, ಫೋನು ಗೂಡಿಗೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ, ಅದು ಅಲ್ಲಿಯ ಮೇಷ್ಟ್ರಿಗೆ ಅರ್ಥವಾಗಿರುವುದು! ನಮಗೆ ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಫೋನೂ ಪುಸ್ತಕವೂ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯಬೇಕು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬುವರು 2006ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಎರಡನೆಯ ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಸ್ವಲ್ಪ ಮುಂದಿದ್ದರು. ಆದರೆ ಒಂದು ವಾರದ ನಂತರ ಅವರಿಗೆ ಶೇಕಡ 42ರಷ್ಟು ನೆನಪಿದ್ದರೆ, ನೆನಪಿನಿಂದ ಬರೆದವರಿಗೆ ಶೇಕಡ 56ರಷ್ಟು ಉಳಿದಿತ್ತು. ನಮ್ಮ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ತಿಂಗಳುಗಳು ಕಳೆದು ಬರುತ್ತದೆ. ಹಿಂದಿನವರು ಕಂಠಪಾಠ ಒಪ್ಪಿಸುತ್ತಿದ್ದುದರಲ್ಲಿ ಈ ಗುಟ್ಟು ಇತ್ತು ಅನ್ನಿಸುತ್ತದೆ.

ಎಷ್ಟು ಹೊತ್ತು ಒಂದೇ ಸಮ ಕೂರಬೇಕು ಎಂಬುದು ಅವರವರಿಗೆ ಬಿಟ್ಟದ್ದು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೋ ಚಿರಿಲ್ಲೋ ಎಂಬ ವಿದ್ಯಾರ್ಥಿ ಅಡುಗೆಮನೆಯ ಟೊಮೆಟೊ ಆಕಾರದ ಗಡಿಯಾರ ಇಟ್ಟುಕೊಂಡು ಓದುವ ಕ್ರಮ ಶುರುಮಾಡಿದ, ಅದು 25 ನಿಮಿಷ ಓದು, 5 ನಿಮಿಷ ಬಿಡುವು ಎಂದು ಪ್ರಸಿದ್ಧವಾಯಿತು. ಆ ಐದು ನಿಮಿಷದಲ್ಲಿ ಮಾತ್ರ ಫೋನು ಬೇಡ. ಅದು ಐದಕ್ಕೆ ಮುಗಿಯುವ ವಸ್ತುವಲ್ಲ. ನೀರು ಕುಡಿಯಿರಿ, ಎಮ್ಮೆಗೆ ಹುಲ್ಲು ಹಾಕಿ ಬನ್ನಿ.

ಒಬ್ಬರೇ ಮಾಡುವುದು ಕಷ್ಟ, ಊರೇ ಮಾಡಿದರೆ ಸುಲಭ ಎಂಬುದಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ ಇದೆ. ಕೊರೊನಾ ಕಾಲದಲ್ಲಿ ಫೋನು ಹಿಡಿದ ಮಕ್ಕಳು ಶಾಲೆ ತೆರೆದ ಮೇಲೂ ಬಿಡಲಿಲ್ಲ ಎಂದು ಅಲ್ಲಿಯವರು 2022ರಲ್ಲಿ ಒಂದು ತೀರ್ಮಾನ ಮಾಡಿದರು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಆಗ ಎಲ್ಲ ಮನೆಯಲ್ಲೂ ಫೋನು, ಟೀವಿ ಬಂದ್. ಎಂಟೂವರೆಗೆ ಇನ್ನೊಂದು ಸಲ ಕೂಗಿದ ಮೇಲೆ ಬೇಕಾದವರು ಹಾಕಿಕೊಳ್ಳಬಹುದು. ನಮ್ಮ ಬೆಳಗಾವಿ ಜಿಲ್ಲೆಯ ಹಲಗಾ ಗ್ರಾಮದಲ್ಲೂ 2024ರ ಕೊನೆಯಲ್ಲಿ ಸಂಜೆ 7ರಿಂದ 9ರವರೆಗೆ ಹೀಗೇ ಶುರುಮಾಡಿದರು. ನನಗೆ ಇದರಲ್ಲಿ ಹಿಡಿಸಿದ್ದು ಸೈರನ್ ಅಲ್ಲ. ದೊಡ್ಡವರೂ ಆಫ್ ಮಾಡಿದರು ಎಂಬುದು. ನಡುಮನೆಯಲ್ಲಿ ಧಾರಾವಾಹಿ ಜೋರಾಗಿ ಓಡುತ್ತಿರುವಾಗ, ಅಪ್ಪ ಮಂಚದ ಮೇಲೆ ರೀಲ್ಸ್ ನೋಡಿ ನಗುತ್ತಿರುವಾಗ, ಒಳಗಿರುವ ಮಗಳಿಗೆ 'ಮನಸ್ಸಿಟ್ಟು ಓದು' ಎಂದರೆ ಅವಳು ಏನು ಮಾಡಬೇಕು? ಊರಿಗೆ ಸೈರನ್ ಬರುವ ತನಕ ಕಾಯಬೇಕಿಲ್ಲ. ಮನೆಯಲ್ಲಿ ದೊಡ್ಡವರ ಹತ್ತಿರ ಸಮಾಧಾನವಾಗಿ ಕೂತು, 'ಏಳರಿಂದ ಎಂಟೂವರೆ ತನಕ ಟೀವಿ ಸೌಂಡ್ ಕಮ್ಮಿ ಇಡ್ತೀರಾ' ಎಂದು ಕೇಳಬಹುದು. ಜಗಳ ಮಾಡಿ ಕೇಳಿದರೆ ಸಿಗುವುದಿಲ್ಲ, ಅಂಕಪಟ್ಟಿಗೆ ಸಹಿ ಹಾಕಿಸುವ ದಿನವಂತೂ ಕೇಳಲೇಬೇಡಿ.

ಕೊನೆಗೆ ನಮ್ಮ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಅರಿಕೆ. ತಾವು ಹೋಮ್‌ವರ್ಕನ್ನು ವಾಟ್ಸಾಪಿನಲ್ಲಿ ಹಾಕುವುದು ಅಪ್ಪ ಅಮ್ಮಂದಿರಿಗೂ ಗೊತ್ತಾಗಲಿ, ಬರದ ಮಕ್ಕಳಿಗೂ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ ಎಂದು ನಮಗೆ ಗೊತ್ತು. ಆದರೆ ಅದು ರಾತ್ರಿ ಎಂಟಕ್ಕೆ ಬಂದರೆ ಅಷ್ಟು ಹೊತ್ತಿಗೆ ಫೋನು ಅಪ್ಪನ ಜೇಬಿನಲ್ಲಿ ತೋಟದಲ್ಲಿರುತ್ತದೆ. ಹೋಮ್‌ವರ್ಕ್ ಬಂತಾ ಎಂದು ನೋಡಲು ಆರು ಗಂಟೆಯಿಂದ ಐದಾರು ಸಲ ಫೋನು ತೆಗೆಯಬೇಕಾಗುತ್ತದೆ, ಮೇಲೆ ಹೇಳಿದ ಗಾಳದ ಕಥೆಯೇ ಆಗುತ್ತದೆ. ಒಬ್ಬರು 'ಓಕೆ ಸಾರ್' ಎಂದು ಹಾಕಿದರೆ ಉಳಿದ ನಲವತ್ತು ಜನರೂ 'ಓಕೆ ಸಾರ್' ಹಾಕುತ್ತೇವೆ, ನಲವತ್ತು ಸಲ ಟಿಂಗ್ ಎನ್ನುತ್ತದೆ. ಫೋನೇ ಇಲ್ಲದ ಮನೆಯವರೂ ನಮ್ಮ ತರಗತಿಯಲ್ಲಿ ಇದ್ದಾರೆ. ಅವರು ಪಕ್ಕದ ಮನೆಗೆ ಹೋಗಿ ನೋಡಿ ಬರಬೇಕು. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಹೊರಗೆ ಕಳಿಸುವುದಿಲ್ಲ. ಬೆಳಗ್ಗೆ ಹೋಮ್‌ವರ್ಕ್ ಮಾಡಿಲ್ಲವೆಂದು ಎದ್ದು ನಿಲ್ಲುವಾಗ ಅವರಿಗೆ ಈ ಕಾರಣ ಹೇಳಲು ನಾಚಿಕೆಯಾಗುತ್ತದೆ, ಸುಮ್ಮನೆ ನಿಲ್ಲುತ್ತಾರೆ.

ಆದ್ದರಿಂದ ನಾಲ್ಕು ಗಂಟೆಯ ಮೇಲೆ, ಕೊನೆಯ ಬೆಲ್ಲಿಗೆ ಮುಂಚೆ, ಆ ದಿನದ ಎಲ್ಲ ವಿಷಯಗಳ ಹೋಮ್‌ವರ್ಕನ್ನು ಕಪ್ಪುಹಲಗೆಯ ಎಡಮೂಲೆಯಲ್ಲಿ ಬರೆಯಲು ಅಪ್ಪಣೆ ಕೊಡಬೇಕು. ಬರೆಯುವ ಕೆಲಸ ನಮಗೇ ಇರಲಿ, ಹಾಜರಿ ನಂಬರಿನ ಪ್ರಕಾರ ದಿನಕ್ಕೊಬ್ಬರು. ಬಯಸಿದರೆ ಅದನ್ನೇ ಫೋಟೋ ತೆಗೆದು ಗುಂಪಿಗೆ ಹಾಕಬಹುದು. ಗುಂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜು ಕಳಿಸುವಂತೆ ಮಾಡುವ ವ್ಯವಸ್ಥೆ ವಾಟ್ಸಾಪಿನಲ್ಲೇ ಇದೆ, ಅದನ್ನು ಹಾಕಿದರೆ 'ಓಕೆ ಸಾರ್' ಕಾಟವೂ ತಪ್ಪುತ್ತದೆ. ಶಾಲೆಗೆ ಬರದವರಿಗೆ ಅವರ ಬೀದಿಯವರೇ ಹೋಗಿ ಹೇಳಿ ಬರುತ್ತಾರೆ. ಯಾವ ಬೀದಿಗೆ ಯಾರು ಎಂಬ ಪಟ್ಟಿಯನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇವೆ. ಕೆರೆ ಬೀದಿಗೂ ಹೊಸ ಬಡಾವಣೆಗೂ ಇನ್ನೂ ಹೆಸರು ಬಂದಿಲ್ಲ. ಆ ಕಡೆಯಿಂದ ಬರುವವರು ಶನಿವಾರದೊಳಗೆ ಪೆನ್ಸಿಲ್ಲಿನಲ್ಲಿ ತಮ್ಮ ಹೆಸರು ಬರೆಯಬೇಕು.